ನಾಗೋಡಿ ಇಳಿತದಲ್ಲಿ ಪದ್ಮಿನಿ

ಬ್ರೇಕ್ ತುಳಿದೆ. ಪೆಡಲು ಸೀದಾ ನೆಲಕ್ಕೆ ಹೋಯಿತು. ಕಾಲೆತ್ತಿ ಮತ್ತೆ ತುಳಿದೆ. ಮತ್ತೂ ನೆಲವೇ. ಎದುರಿಗೆ ಮರದ ದಿಮ್ಮಿ ಹೇರಿಕೊಂಡ ಲಾರಿಯ ಕೆಂಪು ದೀಪ ನೋಡನೋಡುತ್ತಿದ್ದಂತೆ ದೊಡ್ಡದಾಗುತ್ತಿತ್ತು. ಎಡಕ್ಕೆ ಗುಡ್ಡ, ಬಲಕ್ಕೆ ಮಂಜು. ಮಂಜಿನ ಕೆಳಗೆ ಏನಿದೆ ಎಂಬುದು ನಾಗೋಡಿ ಘಾಟಿ ಇಳಿದವರಿಗೆಲ್ಲ ಗೊತ್ತು.

"ಗೇರ್ ಇಳ್ಸಿ ಮರ್ರೆ! ಚಾವಿ ಮುಟ್ಬೇಡಿ!" ಹಿಂದಿನ ಸೀಟಿನಿಂದ ಗಾಡಿ ರಿಪೇರಿಯ ಮೇಸ್ತ್ರಿ ಕೂಗಿದರು.

ಪ್ರೀಮಿಯರ್ ಪದ್ಮಿನಿಯ ಗೇರ್ ಕಡ್ಡಿ ಸ್ಟೇರಿಂಗಿನ ಪಕ್ಕದಲ್ಲೇ ಇರುತ್ತದೆ. ಮೂರರಿಂದ ಎರಡಕ್ಕೆ ಎಳೆದೆ. ಎಂಜಿನ್ ಊಳಿಟ್ಟಿತು, ಗಾಡಿ ಒಮ್ಮೆ ಮುಗ್ಗರಿಸಿತು, ವೇಗ ಅರ್ಧಕ್ಕಿಳಿಯಿತು. ಅರ್ಧ ಸಾಲದು. ಹ್ಯಾಂಡ್‌ಬ್ರೇಕನ್ನು ಒಮ್ಮೆಲೇ ಎಳೆದರೆ ಒದ್ದೆ ರಸ್ತೆಯಲ್ಲಿ ಗಾಡಿಯ ಹಿಂಭಾಗ ಬಲಕ್ಕೆ ತಿರುಗೀತು. ಆದ್ದರಿಂದ ಸ್ವಲ್ಪ ಎಳೆದು, ಬಿಟ್ಟು, ಮತ್ತೆ ಎಳೆದೆ. ಲಾರಿಯ ದಿಮ್ಮಿಗಳ ತುದಿಗೆ ಕಟ್ಟಿದ್ದ ಕೆಂಪು ಬಟ್ಟೆಯ ಹರುಕು ಕೂಡ ಕಾಣುವಷ್ಟು ಹತ್ತಿರ ಬಂದಿದ್ದೆವು. ಉಳಿದದ್ದು ಒಂದೇ ದಾರಿ. ಎಡಗಡೆಯ ಎರಡೂ ಚಕ್ರಗಳನ್ನು ಗುಡ್ಡದ ಬದಿಯ ಚರಂಡಿಗೆ ಇಳಿಸಿದೆ. ಬಾಗಿಲು ಕೆಮ್ಮಣ್ಣಿನ ದರೆಯನ್ನು ಉಜ್ಜಿಕೊಂಡೇ ಸಾಗಿತು, ಕಿಟಕಿಯೊಳಗೆ ಮಣ್ಣು, ಬೇರು, ಹುಲ್ಲು. ನಿಂತಿತು. ತಂಗಿಯ ಮಗ ಗಾಡಿ ನಿಲ್ಲುವ ಮುಂಚೆಯೇ ಹಾರಿ ಟಯರಿಗೆ ಕಲ್ಲು ಕೊಟ್ಟಿದ್ದ. ಲಾರಿಯವನಿಗೆ ಇದಾವುದೂ ಗೊತ್ತಿಲ್ಲ. ತಿರುವು ದಾಟಿ ಹೋದ.

ಡ್ರಮ್ಮಿನಿಂದ ಹೊಗೆ ಏಳುತ್ತಿತ್ತು. ಬಗ್ಗಿ ನೋಡಿದರೆ ಎಲ್ಲಿಯೂ ಎಣ್ಣೆ ಸೋರಿಲ್ಲ. ಪೈಪು ಒಡೆದಿಲ್ಲ. ತುಸು ಹೊತ್ತು ಕಳೆದು ಪೆಡಲು ಒತ್ತಿದರೆ, ಏನೂ ಆಗಲೇ ಇಲ್ಲವೆಂಬಂತೆ ಗಟ್ಟಿಯಾಗಿ ನಿಂತಿತು! ಹುಡುಗನಿಗೆ ಖುಷಿ. ಮೇಸ್ತ್ರಿ ಮಾತ್ರ ಮುಖ ಗಂಟಿಕ್ಕಿಕೊಂಡರು. "ಬ್ರೇಕ್ ಬಂತ್ ಕಾಣಿ. ಅದೇ ಹೆದ್ರಿಕಿ."

ಅವರು ಹೇಳಿದ್ದು ಸರಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಹೊಸ ಡಾಟ್ 3 ಎಣ್ಣೆ ಕುದಿಯಲು 205 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಹೀರಿದ ಮೇಲೆ 140 ಸಾಕು. ಲಾರಿಯ ಹಿಂದೆ ತೆವಳುತ್ತ, ತಿರುವು ತಿರುವಿಗೂ ಬ್ರೇಕ್ ಒತ್ತುತ್ತ ಇಳಿದಾಗ ಡ್ರಮ್ಮಿನ ಕಾವು ಅಷ್ಟು ಏರುವುದು ದೊಡ್ಡ ವಿಷಯವೇ ಅಲ್ಲ. ಎಣ್ಣೆ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ. ಎಣ್ಣೆಯನ್ನು ಅದುಮಲು ಆಗುವುದಿಲ್ಲ, ಆವಿಯನ್ನು ಅದುಮಬಹುದು. ನೀವು ತುಳಿದ ಬಲವೆಲ್ಲ ಗುಳ್ಳೆ ಹಿಸುಕುವುದರಲ್ಲೇ ಮುಗಿಯುತ್ತದೆ. ತಣಿದರೆ ಗುಳ್ಳೆ ಮಾಯ, ಸಾಕ್ಷಿಯೂ ಮಾಯ. ಹಿಂದಿನ ತಿಂಗಳಷ್ಟೇ ಪೇಟೆಯ ಒಂದು ಗ್ಯಾರೇಜಿನವರು "ಬ್ರೇಕ್ ಆಯಿಲ್ ಪೂರ್ತಿ ಬದಲು" ಎಂದು ಬಿಲ್ಲು ಬರೆದು ಕೊಟ್ಟಿದ್ದರು. ಘಾಟಿ ಇಳಿದ ಮರುದಿನ ಮೇಸ್ತ್ರಿ ನಿಪ್ಪಲ್ ಸಡಿಲಿಸಿದಾಗ ಬಾಟಲಿಗೆ ಇಳಿದದ್ದು ಚಹಾದ ಕಷಾಯದ ಬಣ್ಣದ ನೀರು. ಮೇಲಿನ ಡಬ್ಬಿಯಲ್ಲಿ ಮಾತ್ರ ಹೊಸದು ಹೊಯ್ದಿದ್ದರು.

ಆ ರಾತ್ರಿ ಒಂದನೇ ಗೇರಿನಲ್ಲೇ, ಎತ್ತಿನಗಾಡಿಗಿಂತ ನಿಧಾನವಾಗಿ ಕೊಲ್ಲೂರಿಗಿಳಿದು, ಅಲ್ಲಿಂದ ನಮ್ಮೂರು ಯಡ್ತರೆ ಸೇರಿದೆವು. ಮನೆಯಲ್ಲಿ ಕೇಳಿದ್ದಕ್ಕೆ "ಟ್ರಯಲ್ ಚೆನ್ನಾಗಿತ್ತು" ಎಂದೆ. ಟ್ರಯಲ್ಲಿನ ಉದ್ದೇಶ ಇಂಥದ್ದೇ ಅಲ್ಲವೇ?

ಹೋಗಬೇಕಾಗಿದ್ದದ್ದು ಮುಂಬಯಿಗೆ. ಕುಂದಾಪುರ, ಬೈಂದೂರು ಕಡೆಯ ಎಷ್ಟೋ ಮನೆಗಳಂತೆ ನಮ್ಮ ಮನೆಯ ಅನ್ನವೂ ಮುಂಬಯಿಯ ಹೋಟೆಲಿನಿಂದ ಬಂದದ್ದು. ಅಪ್ಪಯ್ಯ ಅಲ್ಲಿ ದುಡಿದು ಕೊಂಡು, ಊರಿಗೆ ತಂದ ಗಾಡಿ ಇದು. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ 1964ರಿಂದ ತಯಾರಾಗುತ್ತಿದ್ದ ಫಿಯಟ್ 1100 ಡಿಲೈಟ್‌ಗೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂತು. 1089 ಸಿಸಿಯ ಎಂಜಿನ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಹಿಂದೆ ಪಟ್ಟಿ ಸ್ಪ್ರಿಂಗು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿಯಿತು ಎಂಬ ಸುದ್ದಿ ಓದಿದಾಗ, ಇದನ್ನು ಒಮ್ಮೆ ಕುರ್ಲಾಕ್ಕೆ ಓಡಿಸಿಕೊಂಡೇ ಹೋಗಬೇಕು ಎಂಬ ಹುಚ್ಚು ಹತ್ತಿತು.

ಘಾಟಿಯ ಘಟನೆಯ ನಂತರ ಮೇಸ್ತ್ರಿ ತಯಾರಿಯ ಕ್ರಮವನ್ನೇ ತಿರುವಿಹಾಕಿದರು. ಎಂಜಿನ್ ಕೊನೆಗೆ, ಬ್ರೇಕ್ ಮೊದಲಿಗೆ. ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರ್‌ಗಳೆಲ್ಲ ಕಳಚಿ, ಬಕೆಟ್ ವಾಷರುಗಳೆಲ್ಲ ಹೊಸತು. ಡ್ರಮ್ಮುಗಳು ಲೇತ್‌ಗೆ ಹೋದವು. ಉಪ್ಪುಗಾಳಿಯ ಊರಿನಲ್ಲಿ ತುಕ್ಕು ಕಣ್ಣಿಗೆ ಕಾಣುವ ಜಾಗದಲ್ಲಿ ಇರುವುದಿಲ್ಲ. ಬ್ರೇಕ್ ಪೈಪನ್ನು ಚಾಸಿಗೆ ಹಿಡಿದಿಡುವ ಕ್ಲಿಪ್ಪಿನ ಅಡಿಯಲ್ಲಿ, ಬಾಗಿಲಿನ ಕೆಳ ಮಡಿಕೆಯಲ್ಲಿ, ಜಾಕಿ ಕೊಡುವ ಜಾಗದ ಒಳಗೆ ಅಡಗಿರುತ್ತದೆ. ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿದು ಗಾಡಿಯಡಿ ಮಲಗಿ ಒಂದೊಂದೇ ಕಡೆ ಚುಚ್ಚುತ್ತ ಹೋದರು. ಹಿಂದಿನ ಆಕ್ಸೆಲ್ಲಿಗೆ ಹೋಗುವ ಪೈಪು ಚುಚ್ಚಿದ ಕೂಡಲೇ ಪುಡಿಯಾಯಿತು. ಎಣ್ಣೆ ಕುದಿಯದಿದ್ದರೆ ಅದು ಒಡೆಯುತ್ತಿತ್ತು, ಯಾವ ಘಾಟಿಯಲ್ಲಿ ಎಂಬುದಷ್ಟೇ ಪ್ರಶ್ನೆ.

ಪೆಟ್ರೋಲಿನದು ಬೇರೆ ಕತೆ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ ಇಪ್ಪತ್ತು ಎಥನಾಲ್ ಬೆರೆತದ್ದು. ಆ ಕಾಲದ ರಬ್ಬರು ಅದಕ್ಕಾಗಿ ಮಾಡಿದ್ದಲ್ಲ. ಹೋಸು ಮೆತ್ತಗಾಗುತ್ತದೆ, ಪಂಪಿನ ಡಯಾಫ್ರಮ್ ಕೆಡುತ್ತದೆ. ಎಲ್ಲ ಹೋಸುಗಳನ್ನೂ ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿದೆವು. ರೇಡಿಯೇಟರಿಗೆ ರಾಡ್ ಹೊಡೆಸಿದೆವು. ಡಿಕ್ಕಿಯಲ್ಲಿ ಒಂದು ಪೂರ್ತಿ ಪೆಟ್ರೋಲ್ ಪಂಪು, ಫ್ಯಾನ್ ಬೆಲ್ಟು, ಪಾಯಿಂಟು, ಕಂಡೆನ್ಸರು, ಬೇರಿಂಗು, ತಂತಿ, ಎರಡು ಸ್ಟೆಪ್ನಿ ಸೇರಿದವು. ಹುಡುಗ ಸ್ಪೀಕರ್ ಹಾಕಿಸೋಣ ಎಂದ. ಮೇಸ್ತ್ರಿ ಉತ್ತರಿಸಲಿಲ್ಲ.

ಅತಿಯಾಯಿತು ಅನ್ನುವವರಿಗೆ 1907ರ ಪೀಕಿಂಗ್–ಪ್ಯಾರಿಸ್ ಓಟ ನೆನಪಿಸುತ್ತೇನೆ. ಜೂನ್ 10ರಂದು ಹೊರಟದ್ದು ಐದು ಗಾಡಿ. ಇಟಲಿಯ ರಾಜಕುಮಾರ ಬೋರ್ಗೀಸೆ ತನ್ನ ಇಟಾಲಾ ಕಾರಿಗೆ ಬೇಕಾದ ಇಂಧನವನ್ನು ದಾರಿಯುದ್ದಕ್ಕೂ ಮೊದಲೇ ಕಳಿಸಿಟ್ಟಿದ್ದ. ಸೈಬೀರಿಯಾದಲ್ಲಿ ಮರದ ಸೇತುವೆ ಮುರಿದು ಕಾರು ಕೆಳಗೆ ಬಿತ್ತು, ಮೇಲೆತ್ತಿಸಿದ. ರಸ್ತೆಯಿಲ್ಲದ ಕಡೆ ರೈಲು ಹಳಿಯ ಮೇಲೆ ಓಡಿಸಿದ. ಮರದ ಚಕ್ರ ಮುರಿದಾಗ ರಷ್ಯದ ಹಳ್ಳಿಯ ಬಡಗಿಯೊಬ್ಬ ಕೊಡಲಿಯಿಂದಲೇ ಹೊಸದು ಕೆತ್ತಿ ಕೊಟ್ಟ. ಆಗಸ್ಟ್ 10ರಂದು ಪ್ಯಾರಿಸ್ ಮುಟ್ಟಿದ, ಉಳಿದವರಿಗಿಂತ ವಾರಗಟ್ಟಲೆ ಮುಂಚೆ. ಅದೇ ಓಟದಲ್ಲಿ ಮೂರು ಚಕ್ರದ ಪುಟ್ಟ ಗಾಡಿಯ ಒಗೂಸ್ತ್ ಪೋನ್ಸ್ ಗೋಬಿ ಮರುಭೂಮಿಯಲ್ಲಿ ಪೆಟ್ರೋಲ್ ಮುಗಿದು, ನೀರಿಲ್ಲದೆ ಸಾವಿನ ಬಾಯಿಗೆ ಹೋಗಿ ಬದುಕಿದ. ಇಬ್ಬರ ಧೈರ್ಯದಲ್ಲಿ ಏನೂ ವ್ಯತ್ಯಾಸ ಇರಲಿಲ್ಲ.

ಬೆಳಗಾಗುವ ಮುಂಚೆ ಹೊರಟೆವು. ಒತ್ತಿನೆಣೆ ದಾಟಿ, ಭಟ್ಕಳ ದಾಟಿ, ಶರಾವತಿ ಸೇತುವೆಗೆ ಬರುವಾಗ ಬೆಳಕು ಹರಿದಿತ್ತು. ಮುಂದೆ ಶಿರೂರು. ನಮ್ಮ ಬೈಂದೂರಿನ ಶಿರೂರಲ್ಲ, ಅಂಕೋಲೆಯದು. 2024ರ ಜುಲೈ 16ರಂದು ಗುಡ್ಡ ಜರಿದು ಹೆದ್ದಾರಿ, ಚಹಾದಂಗಡಿ, ಜನ, ಲಾರಿ ಎಲ್ಲವನ್ನೂ ಗಂಗಾವಳಿ ನದಿಗೆ ದೂಡಿದ ಜಾಗ. ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಕಾರವಾರದಲ್ಲಿ, ಅದೇ ವರ್ಷ ಆಗಸ್ಟಿನಲ್ಲಿ ಕುಸಿದ ಕಾಳಿ ನದಿಯ ಹಳೆ ಸೇತುವೆ ಇದ್ದ ಕಡೆ ನೋಡುತ್ತ ಹೊಸ ಸೇತುವೆ ದಾಟಿದೆವು. ಗೋವಾ ಸುಲಭ.

ಚಿಪಳೂಣದ ಹತ್ತಿರ ಪರಶುರಾಮ ಘಾಟಿ ಏರುವಾಗ, ಮಧ್ಯಾಹ್ನದ ಬಿಸಿಲಲ್ಲಿ, ಎಂಜಿನ್ ಎರಡು ಸಲ ಬಿಕ್ಕಿ ಸತ್ತಿತು. ಹಿಂದೆ ಟ್ಯಾಂಕರ್, ಅದರ ಹಿಂದೆ ಇನ್ನೊಂದು, ಹಾರ್ನುಗಳ ಅಬ್ಬರ. ಗಾಡಿ ಹಿಂದಕ್ಕೆ ಜಾರಲು ನೋಡಿತು. ಈ ಸಲ ಪೆಡಲು ಒತ್ತಿದೆ. ಹಿಡಿಯಿತು! ಆ ಗಟ್ಟಿ ಪೆಡಲಿನ ಸುಖ ಘಾಟಿಯಲ್ಲಿ ಬ್ರೇಕ್ ಕಳೆದುಕೊಂಡವನಿಗೇ ಗೊತ್ತು. ಎಂಜಿನ್ನಿನ ಕಾವಿಗೆ ಪಂಪಿನಲ್ಲೇ ಪೆಟ್ರೋಲ್ ಆವಿಯಾಗಿತ್ತು. ಮೇಸ್ತ್ರಿ ಹೆಗಲ ಬೈರಾಸನ್ನು ನೀರಲ್ಲಿ ಅದ್ದಿ ಪಂಪಿಗೆ ಸುತ್ತಿದರು, ಟ್ಯಾಂಕರಿನವನ ಮರಾಠಿ ಬೈಗುಳಕ್ಕೆ ಕುಂದಾಪ್ರ ಕನ್ನಡದಲ್ಲೇ ಉತ್ತರ ಕೊಟ್ಟರು. ತುಸು ಹೊತ್ತಿಗೆ ಎಂಜಿನ್ ಕೆಮ್ಮಿ ಎದ್ದಿತು. ಬೈರಾಸು ಕುರ್ಲಾದವರೆಗೂ ಪಂಪಿನ ಮೇಲೇ ಇತ್ತು.

ಗಾಡಿ ಈಗ ಯಡ್ತರೆಯ ಕೊಟ್ಟಿಗೆಯಲ್ಲಿದೆ. ಡ್ರಮ್ಮುಗಳನ್ನು ಇನ್ನೊಮ್ಮೆ ಲೇತ್‌ಗೆ ಕೊಡುವಷ್ಟು ದಪ್ಪ ಉಳಿದಿಲ್ಲ, ಹೊಸದು ಹುಡುಕಿದರೂ ಸಿಗುತ್ತಿಲ್ಲ. ನಿಮ್ಮ ಮನೆಯ ಹಿತ್ತಿಲಲ್ಲೋ ಅಟ್ಟದಲ್ಲೋ ಹಳೆ ಪದ್ಮಿನಿಯ ಡ್ರಮ್ ಬಿದ್ದಿದ್ದರೆ, ದಯವಿಟ್ಟು ಗುಜರಿಯವನಿಗೆ ಕೊಡಬೇಡಿ. ನಾವೇ ಬಂದು ಒಯ್ಯುತ್ತೇವೆ, ಅವನಿಗಿಂತ ಹೆಚ್ಚು ಕೊಟ್ಟು.