ಬಿಂದುವಿನ ಆಚೆಗಿನ ಲೆಕ್ಕ

ನಾಸಿಕದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಮ.ಸಾ.ಅ. ಎಂದರೆ ತಿಳಿಯದು; ಮರಾಠಿಯ ‘ಮಸಾವಿ’ ಎಂದರೆ ಥಟ್ಟನೆ ತಿಳಿಯುತ್ತದೆ. ಹೆಸರು ಯಾವುದಾದರೇನು, ಎರಡು ಸಂಖ್ಯೆಗಳನ್ನು ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ ಅದು, ಮಹತ್ತಮ ಸಾಮಾನ್ಯ ಅಪವರ್ತನ. ಶಾಲೆ ಬಿಟ್ಟ ಮೇಲೆ ಅದರ ಗೊಡವೆ ಯಾರಿಗೆ ಎನ್ನುವವರುಂಟು. ಅಂಥವರು ನನ್ನ ತಂಗಿಯನ್ನು ಕೇಳಬೇಕು.

ಆಕೆ ಇರುವುದು ಛತ್ರಪತಿ ಸಂಭಾಜಿನಗರದಲ್ಲಿ. (2023ರಲ್ಲಿ ಹೆಸರು ಬದಲಾದರೂ ನಮ್ಮಂಥ ಹಳಬರ ಬಾಯಲ್ಲಿ ಅದಿನ್ನೂ ಔರಂಗಾಬಾದೇ.) ಮನೆಯಲ್ಲೇ ಹೊಲಿಗೆ ಕೆಲಸ. ಕಳೆದ ದೀಪಾವಳಿಗೆ ಮುಂಚೆ ಗಿರಾಕಿಯೊಬ್ಬರು ಎರಡು ತುಂಡು ಹಿಮ್ರೂ ತಂದುಕೊಟ್ಟರು. ಹತ್ತಿ, ರೇಷ್ಮೆ ಬೆರೆಸಿದ ಆ ಊರಿನ ಹೆಸರಾಂತ ನೇಯ್ಗೆ ಅದು. ಒಂದು ತುಂಡು 4.35 ಮೀಟರು, ಇನ್ನೊಂದು 2.90. ಎರಡರಿಂದಲೂ ಒಂದೇ ಅಳತೆಯ ಹೊದಿಕೆಗಳಾಗಬೇಕು, ಆದಷ್ಟು ಉದ್ದವಿರಬೇಕು, ಚೂರೂ ಉಳಿಯಬಾರದು.

ಕಾಲೇಜಿಗೆ ಹೋಗುವ ಅವಳ ಮಗ ಎಕ್ಸೆಲ್ ತೆರೆದು, ಜಿಸಿಡಿ ಎಂಬ ಸೂತ್ರಕ್ಕೆ ಎರಡೂ ಅಳತೆ ಕೊಟ್ಟ. ಉತ್ತರ 2 ಎಂದು ಬಂತು. ತಂಗಿ ಕತ್ತರಿ ಕೆಳಗಿಟ್ಟು ನನಗೆ ಫೋನು ಮಾಡಿದಳು.

“ಅಣ್ಣಾ, ಕಂಪ್ಯೂಟರ್ ಎರಡು ಮೀಟರ್ ಅಂತದ. ಹಂಗ ತಗದರ ಒಂದರಾಗ ಮೂವತ್ತೈದು ಸೆಂಟಿಮೀಟರ್ ಉಳೀತದ, ಇನ್ನೊಂದರಾಗ ತೊಂಬತ್ತು. ಕತ್ತರಿಸಿದ ಮ್ಯಾಲೆ ಕೂಡಸಲಿಕ್ಕೆ ಬರ್ತದೇನು?”

ಸಣ್ಣ ತುಂಡನ್ನು ದೊಡ್ಡದರ ಮೇಲೆ ಹಾಸಲು ಹೇಳಿದೆ. ಹೊರಗೆ ಉಳಿದದ್ದು 1.45 ಮೀಟರು. ಅದರಿಂದ ಸಣ್ಣ ತುಂಡನ್ನು ಅಳೆದರೆ ಸರಿಯಾಗಿ ಎರಡು ಸಲ. ಮುಗಿಯಿತು, 1.45 ಮೀಟರೇ ಉತ್ತರ: ಒಂದರಿಂದ ಮೂರು, ಇನ್ನೊಂದರಿಂದ ಎರಡು, ಒಟ್ಟು ಐದು ಹೊದಿಕೆ. ದೊಡ್ಡದರಿಂದ ಸಣ್ಣದನ್ನು ಕಳೆಯುತ್ತ ಹೋಗುವ ಈ ಉಪಾಯವನ್ನು ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆ ಬರೆದಿಟ್ಟ. 499ರ ಆರ್ಯಭಟೀಯದ ಕುಟ್ಟಕ ವಿಧಾನದಲ್ಲೂ ಇದೇ ಜಾಡಿದೆ. ಇನ್ನು ಅದರ ಜೋಡಿಯಾದ ಲ.ಸಾ.ಅ.ವನ್ನು ‘ನಿರುದ್ಧ’ ಎಂದು ಕರೆದು ಭಿನ್ನರಾಶಿಗಳನ್ನು ಕೂಡಿಸಲು ಬಳಸಿದವನು ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ. ತಂಗಿಯ ಊರಿಗೆ ಸಮೀಪದ ಎಲ್ಲೋರದಲ್ಲಿ ಕೈಲಾಸ ದೇಗುಲ ಕೊರೆಯಿಸಿದ್ದೂ ಅದೇ ರಾಷ್ಟ್ರಕೂಟ ವಂಶವೇ ತಾನೆ!

ಹಾಗಾದರೆ ಯಂತ್ರ ಎಡವಿದ್ದೆಲ್ಲಿ? ಎಕ್ಸೆಲ್ಲಿನ ಆ ಸೂತ್ರಕ್ಕೆ ಪೂರ್ಣಾಂಕಗಳು ಮಾತ್ರ ಗೊತ್ತು. ಬಿಂದುವಿನ ಆಚೆಯದನ್ನು ಅದು ಸದ್ದಿಲ್ಲದೆ ಕತ್ತರಿಸಿ, 4 ಮತ್ತು 2 ಎಂದು ಹಿಡಿದು 2 ಎನ್ನುತ್ತದೆ. ತಪ್ಪಾಯಿತೆಂಬ ಸೂಚನೆಯೂ ಇಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ. ಅಳತೆಗಳನ್ನು ಸೆಂಟಿಮೀಟರಿನಲ್ಲಿ 435, 290 ಎಂದೇ ಬರೆದರೆ 145 ಬರುತ್ತದೆ; ಅದನ್ನು 100ರಿಂದ ಭಾಗಿಸಿದರಾಯಿತು.

ಗುಣಾಕಾರವನ್ನೂ ಯಂತ್ರಕ್ಕೇ ಬಿಡುವವರು ಇನ್ನೊಂದು ಎಚ್ಚರ ವಹಿಸಬೇಕು. ಕಂಪ್ಯೂಟರು ಎಣಿಸುವುದು ಸೊನ್ನೆ ಒಂದುಗಳಲ್ಲಿ. ಅದರ ಹೊಟ್ಟೆಯಲ್ಲಿ 4.35 ಎಂಬುದು ಕೂದಲೆಳೆಯಷ್ಟು ಕಡಿಮೆ. ನೂರರಿಂದ ಗುಣಿಸಿದರೆ 434.99999999999994. ಅದನ್ನು 434 ಎಂದು ಕತ್ತರಿಸಿಕೊಂಡಿತೋ, ಉತ್ತರ ಎರಡೇ ಸೆಂಟಿಮೀಟರು! ಆದ್ದರಿಂದ ಗುಣಿಸಿದ ಮೇಲೆ ರೌಂಡ್ ಸೂತ್ರದಿಂದ ಪೂರ್ಣಾಂಕ ಮಾಡಿ, ಆಮೇಲೆ ಜಿಸಿಡಿಗೆ ಕೊಡಬೇಕು. ಬಿಂದುವಿನ ಮುಂದೆ ಮೂರು ಸ್ಥಾನಗಳಿದ್ದರೆ ನೂರರ ಬದಲು ಸಾವಿರ.

ಹುಡುಗ ಈಗ ಹಾಗೆಯೇ ಒಂದು ಹಾಳೆ ಸಿದ್ಧಪಡಿಸಿ ತಾಯಿಗೆ ಕೊಟ್ಟಿದ್ದಾನೆ. ಆಕೆ ಅದನ್ನು ನೋಡುತ್ತಾಳೆ, ಬಟ್ಟೆಯನ್ನು ಒಂದರ ಮೇಲೊಂದು ಹಾಸಿಯೂ ನೋಡುತ್ತಾಳೆ, ಆಮೇಲೆ ಕತ್ತರಿ ಹಾಕುತ್ತಾಳೆ.