ಯಕೃತ್ತಿನ ಕಾಯಕ

ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ನಮ್ಮಲ್ಲಿಗೆ ಬರುವ ಭಕ್ತರ ಬಿನ್ನಹಗಳ ಸ್ವರೂಪವೇ ಬದಲಾಗುತ್ತದೆ. ಬೇಸಗೆಯಲ್ಲಿ ವಿವಾಹ, ಗೃಹಪ್ರವೇಶಗಳ ಮಾತು. ಆಷಾಢ ಕಾಲಿಟ್ಟೊಡನೆ ಜ್ವರ, ಅಜೀರ್ಣ, ಕಾಮಾಲೆಗಳ ಮಾತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಗಳಲ್ಲಿ ನಾವು ಸಂಚಾರ ಮಾಡುವಾಗ, ಪಾದಪೂಜೆ ಮುಗಿದು ಎಲ್ಲರೂ ಎದ್ದ ಮೇಲೆ ಒಬ್ಬ ತಾಯಿ ಮಾತ್ರ ಹಿಂದೆ ಉಳಿದು, ದನಿ ತಗ್ಗಿಸಿ, “ಬುದ್ಧೀ, ಮಗನಿಗೆ ಕಾಮಾಲೆ. ಒಳ್ಳೆಯ ನಾಟಿ ಔಷಧ ಎಲ್ಲಿ ಕೊಡುತ್ತಾರೆ, ಅಪ್ಪಣೆಯಾಗಬೇಕು” ಎಂದು ಕೇಳುವುದುಂಟು. ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ನಾವು ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನೂ ಓದಿದವರೇ ಹೊರತು ವೈದ್ಯರಲ್ಲ. ಆದರೂ ಓದಿ, ವೈದ್ಯಮಿತ್ರರಿಂದ ಕೇಳಿ, ಕಂಡು ತಿಳಿದುದನ್ನು ಭಕ್ತರ ಮುಂದಿಡುವುದು ಕರ್ತವ್ಯವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಕಾಮಾಲೆಯು ಒಂದು ರೋಗವಲ್ಲ, ರೋಗದ ಚಿಹ್ನೆ. ಇದನ್ನು ಮೊದಲು ಮನಗಾಣಬೇಕು. ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಇರುವ ಯಕೃತ್ತು ನಮ್ಮ ಶರೀರದ ಒಳ ಅಂಗಗಳಲ್ಲೆಲ್ಲ ದೊಡ್ಡದು. ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ನಾವು ಉಂಡ ಅನ್ನದ ಸಾರವು ಕರುಳಿನಿಂದ ರಕ್ತದ ಮೂಲಕ ನೇರವಾಗಿ ಇದರ ಬಳಿಗೆ ಬರುತ್ತದೆ. ಬಂದುದನ್ನು ಅದು ಪರೀಕ್ಷಿಸುತ್ತದೆ, ಸಕ್ಕರೆಯನ್ನು ಕೂಡಿಟ್ಟು ಹಸಿದಾಗ ಹಂಚುತ್ತದೆ, ವಿಷವಿದ್ದರೆ ಮುರಿಯುತ್ತದೆ, ರಕ್ತ ಹೆಪ್ಪುಗಟ್ಟಲು ಬೇಕಾದ ದ್ರವ್ಯಗಳನ್ನು ತಯಾರಿಸುತ್ತದೆ, ಜಿಡ್ಡನ್ನು ಅರಗಿಸುವ ಪಿತ್ತರಸವನ್ನು ದಿನವೂ ಮುಕ್ಕಾಲು ಲೀಟರಿನಷ್ಟು ಸ್ರವಿಸುತ್ತದೆ. ಹಳೆಯ ರಕ್ತಕಣಗಳು ಒಡೆದಾಗ ಹುಟ್ಟುವ ಹಳದಿ ವಸ್ತುವನ್ನು ಹೊರಹಾಕುವುದೂ ಇದರದೇ ಕೆಲಸ. ಆ ಕೆಲಸ ನಿಂತಾಗ ಹಳದಿಯು ರಕ್ತದಲ್ಲಿ ಉಳಿದು ಕಣ್ಣಿಗೆ ಏರುತ್ತದೆ. ಅದೇ ಕಾಮಾಲೆ. ದಾಸೋಹದ ಪಾಕಶಾಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ದುಡಿಯುವ ಸೇವಕನು ಒಂದು ದಿನ ಬಾರದಿದ್ದಾಗಲೇ ಅವನ ಬೆಲೆ ತಿಳಿಯುವಂತೆ, ಯಕೃತ್ತಿನ ಕಾಯಕವೂ ನಿಂತಾಗಲೇ ತಿಳಿಯುತ್ತದೆ. ಅದಕ್ಕೆ ನೋವನ್ನು ಹೇಳಿಕೊಳ್ಳುವ ಅಭ್ಯಾಸ ಕಡಿಮೆ. ಬಹುಭಾಗ ಕೆಟ್ಟ ಮೇಲೂ ಅದು ಮೌನವಾಗಿ ದುಡಿಯುತ್ತಿರುತ್ತದೆ.

ನಾಟಿ ಔಷಧದ ಮೇಲೆ ಜನರಿಗೆ ಇಷ್ಟೊಂದು ನಂಬಿಕೆ ಏಕೆ? ಈ ನಂಬಿಕೆ ಹುಟ್ಟಿದುದು ಅನುಭವದಿಂದಲೇ. ಮಳೆಗಾಲದಲ್ಲಿ ಮಕ್ಕಳಿಗೂ ಯುವಕರಿಗೂ ಬರುವ ಕಾಮಾಲೆಯಲ್ಲಿ ಹೆಚ್ಚಿನದು ಮಲಿನವಾದ ನೀರು, ಆಹಾರಗಳ ಮೂಲಕ ಬರುವ ‘ಎ’ ಮತ್ತು ‘ಇ’ ಎಂಬ ವೈರಸ್ಸುಗಳಿಂದ ಆಗುವಂತಹುದು. ಇವು ಬಹುಮಂದಿಯಲ್ಲಿ ಕೆಲವು ವಾರಗಳೊಳಗೆ ತಾವಾಗಿಯೇ ಶಮನವಾಗುತ್ತವೆ. ಯಕೃತ್ತಿಗೆ ತನ್ನನ್ನು ತಾನೇ ಮರಳಿ ಕಟ್ಟಿಕೊಳ್ಳುವ ಅಪೂರ್ವ ಶಕ್ತಿಯಿದೆ. ಆ ವಾರಗಳಲ್ಲಿ ಬೆಳಗಿನ ಬರಿಹೊಟ್ಟೆಗೆ ಸೊಪ್ಪಿನ ರಸ ಕುಡಿದವನು, ರಸವೇ ತನ್ನನ್ನು ಗುಣಪಡಿಸಿತೆಂದು ಹತ್ತು ಜನರಿಗೆ ಹೇಳುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಅದೇ ರಸವನ್ನು ಕುಡಿದು ಗುಣವಾಗದೆ ಹೋದವನು ಬಂದು ಹೇಳಲು ಉಳಿದಿರುವುದಿಲ್ಲ. ಬೆನ್ನಿಗೋ ತೋಳಿಗೋ ಬರೆ ಹಾಕಿಸುವ ರೂಢಿಯಂತೂ ರೋಗಿಗೆ ಇನ್ನೊಂದು ಗಾಯವನ್ನು ಕೊಡುವುದೇ ಹೊರತು ಬೇರೆ ಫಲವನ್ನಲ್ಲ.

ಹಾಗೆಂದು ನಮ್ಮ ಪೂರ್ವಿಕರ ವೈದ್ಯವನ್ನು ತೆಗಳುವುದು ನಮ್ಮ ಉದ್ದೇಶವಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪಾಂಡುರೋಗದೊಡನೆ ಕಾಮಾಲೆಯನ್ನೂ ವಿವರಿಸಿದೆ. ಅಲ್ಲಿ ಕಾಮಾಲೆಯನ್ನು ಒಂದೇ ಎಂದು ತಿಳಿಯದೆ ಬಗೆಗಳನ್ನು ಹೇಳಿ, ಮಲವು ಎಳ್ಳಿನ ಹಿಟ್ಟಿನಂತೆ ಬಿಳಿಚಿಕೊಂಡರೆ ಪಿತ್ತದ ದಾರಿಗೆ ತಡೆಯಾಗಿದೆಯೆಂದು ಅರಿಯಬೇಕೆಂಬ ಲಕ್ಷಣವನ್ನು ಗುರುತಿಸಿದೆ. ಇಂದಿನ ವೈದ್ಯಶಾಸ್ತ್ರವೂ ಇದನ್ನೇ ಹೇಳುತ್ತದೆ: ಪಿತ್ತನಾಳದಲ್ಲಿ ಕಲ್ಲು ಸಿಕ್ಕಿದಾಗ ಅಥವಾ ಗಡ್ಡೆ ಬೆಳೆದಾಗ ಮಲವು ಬಿಳಿಚುತ್ತದೆ, ಮೂತ್ರವು ಕಡುವಾಗುತ್ತದೆ, ಮೈ ತುರಿಸುತ್ತದೆ.

ಕೆಲವು ವರ್ಷಗಳ ಹಿಂದೆ ಕೊಪ್ಪ ಸೀಮೆಯ ಅಡಕೆ ಬೆಳೆಗಾರರೊಬ್ಬರು ಕಾಮಾಲೆಯಾಗಿ ಮೂರು ವಾರ ಉಪ್ಪು, ಎಣ್ಣೆ ಬಿಟ್ಟು ಪಥ್ಯದಲ್ಲಿದ್ದರು. ದರ್ಶನಕ್ಕೆ ಬಂದಾಗಲೂ ಕೈಗಳನ್ನು ಕೆರೆದುಕೊಳ್ಳುತ್ತಲೇ ಕುಳಿತಿದ್ದರು. ನಾವು ಮಲದ ಬಣ್ಣವನ್ನು ಕೇಳಿದೆವು. ಅವರು ಸಂಕೋಚದಿಂದ, “ಸುಣ್ಣದ ಹಾಗೆ, ಬುದ್ಧಿ” ಎಂದರು. ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಮಾತು ಆ ಕ್ಷಣ ನೆನಪಿಗೆ ಬಂದಿತು. ಮರುದಿನವೇ ಶಿವಮೊಗ್ಗೆಗೆ ಹೊರಡಬೇಕೆಂದು ಹೇಳಿ, ಜೊತೆಗೆ ಒಬ್ಬರನ್ನು ಕಳುಹಿಸಿದೆವು. ಪಿತ್ತನಾಳದಲ್ಲಿ ಕಲ್ಲಿತ್ತು; ಬಾಯಿಯ ಮೂಲಕ ಕೊಳವೆ ಇಳಿಸಿ ತೆಗೆದರು. ಎಂಟು ದಿನಗಳಲ್ಲಿ ಕಣ್ಣು ತಿಳಿಯಾಗತೊಡಗಿತು. ಸೊಪ್ಪಿನ ರಸಕ್ಕೆ ಕಲ್ಲನ್ನು ಸರಿಸುವ ಬಲವೆಲ್ಲಿಂದ ಬರಬೇಕು? ಶಾಸ್ತ್ರವನ್ನು ಗೌರವಿಸುವುದೆಂದರೆ ಅದು ಹೇಳಿದ ಲಕ್ಷಣವನ್ನು ಗಮನಿಸುವುದು. ಶಾಸ್ತ್ರದ ಹೆಸರಿನಲ್ಲಿ ಕೊಟ್ಟುದನ್ನೆಲ್ಲ ನುಂಗುವುದಲ್ಲ.

ನಮ್ಮ ಹಿತ್ತಿಲಲ್ಲಿ ಬೆಳೆಯುವ ನೆಲನೆಲ್ಲಿಯ ಕಥೆಯನ್ನೂ ಇಲ್ಲಿ ಹೇಳಬೇಕು. ‘ಬಿ’ ಎಂಬ ಕಾಮಾಲೆಯ ವೈರಸ್ಸನ್ನು ಕಂಡುಹಿಡಿದುದಕ್ಕಾಗಿ ಅಮೆರಿಕದ ಬರೂಚ್ ಬ್ಲೂಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಂತಹ ವಿಜ್ಞಾನಿಯು ನೆಲನೆಲ್ಲಿಯನ್ನು ತಿರಸ್ಕರಿಸಲಿಲ್ಲ. ಮದರಾಸಿನ ತ್ಯಾಗರಾಜನ್ ಮೊದಲಾದವರೊಡನೆ ಸೇರಿ, ‘ಬಿ’ ವೈರಸ್ಸನ್ನು ಹೊತ್ತವರಿಗೆ ಅದರ ಚೂರ್ಣವನ್ನು ಕೊಟ್ಟು ಪರೀಕ್ಷಿಸಿದ ವರದಿಯನ್ನು 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಫಲ ಆಶಾದಾಯಕವಾಗಿತ್ತು. ಆದರೆ ಅನಂತರ ಬೇರೆಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಮರಳಿ ದೊರೆಯಲಿಲ್ಲ. ಸತ್ಯಶೋಧನೆಯ ಮಾರ್ಗ ಇದು: ಅಲಕ್ಷ್ಯವೂ ಅಲ್ಲ, ಅಂಧಶ್ರದ್ಧೆಯೂ ಅಲ್ಲ. ಅಮೃತಬಳ್ಳಿಯ ವಿಷಯದಲ್ಲಿಯೂ ಎಚ್ಚರ ಬೇಕು. ಕೊರೋನಾ ಕಾಲದಲ್ಲಿ ಅದನ್ನು ಮಿತಿಮೀರಿ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಊತ ಕಂಡುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಮೂಲಿಕೆಯಾದ ಮಾತ್ರಕ್ಕೆ ನಿರಪಾಯವೆಂದಲ್ಲ.

‘ಬಿ’ ಮತ್ತು ‘ಸಿ’ ವೈರಸ್ಸುಗಳ ಸ್ವಭಾವ ಬೇರೆ. ಅವು ರಕ್ತದಿಂದ, ಶುದ್ಧಿಗೊಳಿಸದ ಸೂಜಿ ಹಾಗೂ ಕ್ಷೌರದ ಕತ್ತಿಯಿಂದ, ದೈಹಿಕ ಸಂಪರ್ಕದಿಂದ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಬರುತ್ತವೆ. ಅನೇಕ ವರ್ಷ ಸದ್ದಿಲ್ಲದೆ ಇದ್ದು ಯಕೃತ್ತನ್ನು ಗಡುಸುಗೊಳಿಸುತ್ತವೆ. ನರಸಿಂಹರಾಜಪುರದ ಕಡೆಯ ಒಂದು ಮನೆಯಲ್ಲಿ, ರಕ್ತದಾನಕ್ಕೆ ಹೋದ ಮಗನಿಗೆ ‘ಬಿ’ ಇದೆಯೆಂದು ತಿಳಿದ ದಿನದಿಂದ ತಟ್ಟೆ ಲೋಟಗಳನ್ನು ಬೇರೆ ಮಾಡಿದ್ದರು. ಆ ಹುಡುಗ ಮಠಕ್ಕೆ ಬಂದರೂ ಪ್ರಸಾದದ ಪಂಕ್ತಿಯಲ್ಲಿ ಕೂರದೆ ಕಂಬದ ಮರೆಯಲ್ಲಿ ನಿಂತಿದ್ದ. ಜೊತೆಯಲ್ಲಿ ಉಣ್ಣುವುದರಿಂದ, ಮುಟ್ಟುವುದರಿಂದ ಈ ರೋಗ ಹರಡದು. ಅದನ್ನು ತಂದೆತಾಯಿಗಳಿಗೆ ತಿಳಿಯಹೇಳಿ, ಅವನನ್ನು ಪಂಕ್ತಿಯ ನಡುವೆ ಕುಳ್ಳಿರಿಸಿದೆವು. ರೋಗಕ್ಕಿಂತ ಹೆಚ್ಚಾಗಿ ಆ ಬೇರೆಯ ತಟ್ಟೆ ಅವನನ್ನು ಕೃಶಗೊಳಿಸಿತ್ತು. ಸಹಪಂಕ್ತಿಯನ್ನು ಸಾರಿದ ಪರಂಪರೆಯವರಾದ ನಾವು ಅಜ್ಞಾನದಿಂದ ಹೊಸದೊಂದು ಮೈಲಿಗೆಯನ್ನು ಸೃಷ್ಟಿಸಬಾರದು. ಮನೆಯ ಉಳಿದವರು ಪರೀಕ್ಷೆ ಮಾಡಿಸಿಕೊಂಡು, ಅಗತ್ಯವಿದ್ದರೆ ಲಸಿಕೆ ಪಡೆಯುವುದೇ ಸರಿಯಾದ ದಾರಿ. ನವಜಾತ ಶಿಶುವಿಗೆ ಹುಟ್ಟಿದ 24 ಗಂಟೆಗಳೊಳಗೆ ‘ಬಿ’ ಲಸಿಕೆ ಹಾಕಿಸಬೇಕು. ಭಾರತ ಸರ್ಕಾರವು 2018ರ ಜುಲೈ 28ರಂದು, ಎಂದರೆ ಬ್ಲೂಂಬರ್ಗ್ ಅವರ ಜನ್ಮದಿನದಂದು, ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ರೋಗಗಳ ಪರೀಕ್ಷೆಯೂ ಔಷಧವೂ ಉಚಿತ. ‘ಸಿ’ ರೋಗವು ಈಗ ಬಹುಪಾಲು ರೋಗಿಗಳಲ್ಲಿ ಸುಮಾರು 12 ವಾರಗಳ ಮಾತ್ರೆಗಳಿಂದ ಪೂರ್ಣ ಗುಣವಾಗುತ್ತದೆ. ‘ಬಿ’ಯನ್ನು ಹತೋಟಿಯಲ್ಲಿಡುವ ಔಷಧಗಳಿವೆ.

ಇನ್ನು ನಮ್ಮ ನೆಲಕ್ಕೇ ಸೇರಿದ ಕೆಲವು ಅಪಾಯಗಳು. ಗುಡ್ಡದ ಅಬ್ಬಿಯ ನೀರು ತಿಳಿಯಾಗಿ ಕಂಡರೂ ಮೇಲೆ ಎಲ್ಲಿ ಕೊಟ್ಟಿಗೆಯಿದೆಯೋ, ಎಲ್ಲಿ ಶೌಚದ ಗುಂಡಿಯಿದೆಯೋ ತಿಳಿಯದು. ಮಳೆಗಾಲದಲ್ಲಿ ಕುದಿಸಿಯೇ ಕುಡಿಯಬೇಕು. 1955-56ರಲ್ಲಿ ದೆಹಲಿಯ ನಲ್ಲಿಯ ನೀರಿಗೆ ಚರಂಡಿ ಸೇರಿ 29 ಸಾವಿರ ಜನರಿಗೆ ಕಾಮಾಲೆಯಾಯಿತು. ಅದು ‘ಇ’ ಬಗೆಯದೆಂದು ಅನಂತರ ತಿಳಿಯಿತು. ಗರ್ಭಿಣಿಯರಿಗೆ ಇದು ಪ್ರಾಣಾಪಾಯವನ್ನು ತರಬಲ್ಲುದು. ಗದ್ದೆಯ ಕೆಸರಿನಲ್ಲಿ ಬರಿಗಾಲಿನಿಂದ ನಿಲ್ಲುವವರಿಗೆ, ಕಾಲಿನ ಗಾಯದ ಮೂಲಕ ಇಲಿಜ್ವರ ತಗಲುತ್ತದೆ. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು, ಅನಂತರ ಕಾಮಾಲೆ — ಹೀಗೆ ಬಂದರೆ ಒಂದು ದಿನವನ್ನೂ ಕಳೆಯಬಾರದು. ಮೊದಲೇ ಹೋದರೆ ಸುಲಭದ ಔಷಧದಿಂದ ಗುಣವಾಗುತ್ತದೆ. ಗುರುತಿಲ್ಲದ ಕಾಡಿನ ಅಣಬೆಯನ್ನು ತಿನ್ನಲಾಗದು. ಕೆಲವು ಅಣಬೆಗಳ ವಿಷವು ಎರಡು ಮೂರು ದಿನಗಳಲ್ಲಿ ಯಕೃತ್ತನ್ನೇ ಕೊಲ್ಲುತ್ತದೆ. ಬೂಷ್ಟು ಹಿಡಿದ ನೆಲಗಡಲೆ, ಜೋಳಗಳನ್ನು ತೊಳೆದು ಬಳಸುವುದೂ ಸಲ್ಲದು. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಿಂದ ಅಳಿದರು.

ಅಡಕೆಯ ಕೊಳೆರೋಗವನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಅಭ್ಯಾಸ ಮಾಡಿ 1910ರಲ್ಲಿ ಬರೆದರು. ಮೈಲುತುತ್ತು, ಸುಣ್ಣಗಳ ಬೋರ್ಡೋ ದ್ರಾವಣವು ನಮ್ಮ ತೋಟಗಳನ್ನು ಉಳಿಸಿದೆ, ನಿಜ. ಆದರೆ ಪೋರ್ಚುಗಲ್ ದೇಶದಲ್ಲಿ ದ್ರಾಕ್ಷಿತೋಟಗಳಿಗೆ ಇದೇ ದ್ರಾವಣವನ್ನು ವರ್ಷಗಟ್ಟಲೆ ಹೊಡೆದವರ ಶ್ವಾಸಕೋಶ, ಯಕೃತ್ತುಗಳಲ್ಲಿ ತಾಮ್ರ ಸೇರಿ ಗಂಟುಗಳಾದುದನ್ನು 1970ರ ದಶಕದಲ್ಲಿ ಅಲ್ಲಿನ ವೈದ್ಯರು ಕಂಡರು. ಮರವೇರಿ ಔಷಧಿ ಹೊಡೆಯುವ ಬಡವನ ಬಾಯಿ ಮೂಗಿಗೆ ಒಂದು ಬಟ್ಟೆ, ಕೈಗೆ ಗವಸು, ಕೆಲಸ ಮುಗಿದ ಮೇಲೆ ಸ್ನಾನಕ್ಕೆ ಬಿಸಿನೀರು — ಇಷ್ಟನ್ನು ಒದಗಿಸುವುದು ತೋಟದ ಒಡೆಯರ ಧರ್ಮ. ಅಡಕೆಯನ್ನು ಸದಾ ಜಗಿಯುವ ಚಟದ ವಿಷಯದಲ್ಲಿಯೂ ಮೌನ ಸಲ್ಲದು. ತಂಬಾಕಿಲ್ಲದ ಅಡಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ 2004ರಲ್ಲಿ ಪ್ರಕಟಿಸಿದೆ. ನಮ್ಮ ಭಕ್ತರ ಬದುಕು ಈ ಬೆಳೆಯ ಮೇಲೆ ನಿಂತಿದೆಯೆಂಬುದನ್ನು ಬಲ್ಲೆವು. ಬಲ್ಲೆವಾದುದರಿಂದಲೇ, ಮಂಗಳಕಾರ್ಯದ ತಾಂಬೂಲವೇ ಬೇರೆ, ದಿನವಿಡೀ ದವಡೆಯಲ್ಲಿಟ್ಟ ಅಡಕೆಯೇ ಬೇರೆ ಎಂದು ಹೇಳಬೇಕಾಗಿದೆ.

ಮದ್ಯವು ಯಕೃತ್ತಿನ ವೈರಿಯೆಂಬುದನ್ನು ಎಲ್ಲರೂ ಬಲ್ಲರು. ಆದರೆ “ನಾವು ಶಾಕಾಹಾರಿಗಳು, ಮದ್ಯ ಮುಟ್ಟಿದವರಲ್ಲ” ಎಂದು ನಿಶ್ಚಿಂತರಾಗಿರುವ ಭಕ್ತರಿಗೆ ಒಂದು ಮಾತು. ಹೊಟ್ಟೆ ಬೆಳೆದವರಲ್ಲಿ, ಮಧುಮೇಹ ಇರುವವರಲ್ಲಿ, ಸಿಹಿ ಹಾಗೂ ಕರಿದುದನ್ನು ತಿಂದು ಕುಳಿತಲ್ಲೇ ಇರುವವರಲ್ಲಿ ಯಕೃತ್ತಿಗೆ ಕೊಬ್ಬು ತುಂಬಿ, ಮದ್ಯಪಾನಿಗಳಿಗೆ ಬರುವ ಗತಿಯೇ ಬರಬಲ್ಲುದು. ಸಂತೋಷದ ಸಂಗತಿಯೆಂದರೆ, ಶರೀರದ ತೂಕವನ್ನು ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಸಿದರೆ ಆ ಕೊಬ್ಬು ಕರಗಿ ಊತವೂ ಇಳಿಯುತ್ತದೆ. ನಮ್ಮ ಜಿಲ್ಲೆಯ ಕಾಫಿಯು ಮಿತದಲ್ಲಿ ಯಕೃತ್ತಿಗೆ ಹಿತವೆಂದು ಅನೇಕ ಅಧ್ಯಯನಗಳು ಹೇಳುತ್ತವೆ; ಸಕ್ಕರೆಯನ್ನು ಮಾತ್ರ ಕಡಿಮೆ ಮಾಡಬೇಕು. ಗಂಜಿ, ಮಜ್ಜಿಗೆ, ಒಂದೆಲಗದ ತಂಬುಳಿ, ಸೊಪ್ಪಿನ ಪಲ್ಯಗಳ ನಮ್ಮ ಹಿರಿಯರ ಊಟವು ಜೀರ್ಣಾಂಗಗಳಿಗೆ ಸೌಖ್ಯ. ಹಸಿದಾಗ ಉಣ್ಣುವುದು, ಹೊಟ್ಟೆಯಲ್ಲಿ ಸ್ವಲ್ಪ ಜಾಗ ಉಳಿಯುವಂತೆ ಏಳುವುದು, ರಾತ್ರಿಯ ಊಟವನ್ನು ಬೇಗ ಮುಗಿಸುವುದು, ನಿತ್ಯ ಒಂದಿಷ್ಟು ನಡೆಯುವುದು — ಪ್ರಸಾದವೆಂದು ಭಾವಿಸಿ ಉಣ್ಣುವವನು ಅತಿಯಾಗಿ ಉಣ್ಣಲಾರ. ಜ್ವರಕ್ಕೆಂದು ಪ್ಯಾರಸಿಟಮಾಲ್ ಮಾತ್ರೆಗಳನ್ನು ಲೆಕ್ಕವಿಲ್ಲದೆ ನುಂಗುವುದೂ ಯಕೃತ್ತಿಗೆ ಘಾತಕ.

ಕಾಮಾಲೆಯಾದವನಿಗೆ ಹಗಲು ನಿದ್ದೆ ಹತ್ತಿ ಮಾತು ತಡವರಿಸಿದರೆ, ರಕ್ತ ವಾಂತಿಯಾದರೆ, ಮಲ ಕಪ್ಪಾದರೆ, ಹೊಟ್ಟೆ ನೀರು ತುಂಬಿ ಉಬ್ಬಿದರೆ, ಅಥವಾ ಕಾಮಾಲೆಯಾದವಳು ಗರ್ಭಿಣಿಯಾಗಿದ್ದರೆ, ಯಾವ ಔಷಧದವರ ಮನೆಯನ್ನೂ ಹುಡುಕದೆ ಆಸ್ಪತ್ರೆಗೆ ಒಯ್ಯಿರಿ. ಘಟ್ಟದ ದಾರಿ ದೂರ, ಮಳೆಯಲ್ಲಿ ಮರ ಬಿದ್ದು ರಸ್ತೆ ನಿಲ್ಲುತ್ತದೆ. ಆದುದರಿಂದಲೇ ಹೊರಡುವ ನಿರ್ಧಾರ ತಡವಾಗಬಾರದು. ಮೊದಲ ವಾರದಲ್ಲಿಯೇ ಒಂದು ರಕ್ತಪರೀಕ್ಷೆ ಮಾಡಿಸಿದರೆ ಯಾವ ಬಗೆಯ ಕಾಮಾಲೆಯೆಂದು ತಿಳಿಯುತ್ತದೆ. ಸಾಧಾರಣದ್ದಾದರೆ ವಿಶ್ರಾಂತಿ, ಮನೆಯ ಮೆದು ಊಟ ಸಾಕು. ಅಲ್ಲದಿದ್ದರೆ ಸಕಾಲದ ಚಿಕಿತ್ಸೆ ಒಂದು ಸಂಸಾರವನ್ನು ಉಳಿಸುತ್ತದೆ.

ಮಳೆಗಾಲವು ಎಲ್ಲರ ಮನೆಗಳಲ್ಲಿಯೂ ಆರೋಗ್ಯದಿಂದ ಕಳೆಯಲಿ. ಗದ್ದೆ ತೋಟಗಳಲ್ಲಿ ದುಡಿಯುವ ಕೈಗಳು ಬಲವಾಗಿರಲಿ. ನಮ್ಮೊಳಗೆ ಹಗಲಿರುಳು ಕಾಯಕ ನಡೆಸುವ ಈ ಮೌನಸೇವಕನಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುವ ವಿವೇಕ ಸಕಲ ಸದ್ಭಕ್ತರಿಗೂ ಉಂಟಾಗಲಿ ಎಂದು ಹಾರೈಸುತ್ತೇವೆ.