ಕಿಂಡಿಯ ಎರಡು ಮಗ್ಗುಲು

ನೌಕರರ ನೆಮ್ಮದಿಗೆ ತಕ್ಕ ಕಚೇರಿ ಎಂದೊಡನೆ ಪತ್ರಿಕೆಗಳು ಬೆಂಗಳೂರಿನ ಹೊರವರ್ತುಲ ರಸ್ತೆಯ ಚಿತ್ರ ಹಾಕುತ್ತವೆ: ಗಾಜಿನ ಗೋಡೆ, ಕುಂಡದ ಗಿಡ, ಮೂಲೆಯಲ್ಲೊಂದು ಟೇಬಲ್ ಟೆನಿಸ್ ಮೇಜು. ಶಿಗ್ಗಾಂವದಂಥ ತಾಲ್ಲೂಕು ಊರಿನಲ್ಲಿ ಕಚೇರಿ ಎಂದರೆ ತಹಶೀಲ್ದಾರರದು, ನಾಡಕಚೇರಿ, ಹೆಸ್ಕಾಂ, ಬ್ಯಾಂಕು. ಇಂಥಲ್ಲಿ ಗುಮಾಸ್ತರ ದಿನ ಕೆಡುವುದು ಕುಂಡದ ಗಿಡ ಇಲ್ಲದ್ದಕ್ಕಲ್ಲ, ಎದುರಿನ ಕಿಂಡಿಯಿಂದ. ತಾಲ್ಲೂಕು ಕಚೇರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಆ ಕಿಂಡಿಯನ್ನು ಒಮ್ಮೆ ಸರಿಯಾಗಿ ನೋಡಿ. ಗಾಜಿನಲ್ಲಿ ಕೊರೆದ ಅರ್ಧಚಂದ್ರದ ತೂತು. ಒಳಗೆ ಕೂತವರ ಕೈಗೆ ಸರಿ, ಹೊರಗೆ ನಿಂತವರ ಬಾಯಿಗೆ ತಗ್ಗು. ರೈತ ಸೊಂಟ ಬಗ್ಗಿಸಿ, ತಲೆ ಓರೆ ಮಾಡಿ ಮಾತಾಡಬೇಕು. ಒಳಗಿನವರು ಕತ್ತು ಚಾಚಿ ‘ಜೋರ್ ಹೇಳ್ರೀ ಯಜಮಾನ್ರ’ ಅನ್ನಬೇಕು. ಹಿಂದಿನ ನಾಲ್ಕು ಮಂದಿ ಮುಂದಿನವನ ಬೆನ್ನಿನ ಮೇಲೆ ವಾಲಿ ತಂತಮ್ಮ ಕಾಗದ ತೂರಿಸುತ್ತಾರೆ. ಸಂಜೆಯ ಹೊತ್ತಿಗೆ ಎರಡೂ ಕಡೆ ಗಂಟಲು ಬಿದ್ದಿರುತ್ತದೆ, ಸಿಟ್ಟು ನೆತ್ತಿಗೇರಿರುತ್ತದೆ. ನಾವೋ, ಗುಮಾಸ್ತ ಸಿಡುಕ, ರೈತ ಒರಟ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಅರ್ಧ ತಪ್ಪಾದರೂ ಕಿಂಡಿಯ ಎತ್ತರ ನಿಗದಿ ಮಾಡಿದವರದು. ನೌಕರರ ನೆಮ್ಮದಿಗೆಂದು ಮೊದಲು ಕಟ್ಟಬೇಕಾದದ್ದು ಕಚೇರಿಗೆ ಬಂದವರು ಕೂರುವ ಜಾಗ ಎಂಬುದು ನನ್ನ ವಾದ.

ಇದಕ್ಕೆ ಆಧಾರ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಈ ಶತಮಾನದ ಆರಂಭದಲ್ಲಿ ಬಂದ ‘ಭೂಮಿ’ ಯೋಜನೆ ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಹೊಗಳಿದವರೆಲ್ಲ ತಂತ್ರಾಂಶವನ್ನು ಹೊಗಳಿದರು. ನನಗೆ ದೊಡ್ಡದಾಗಿ ಕಾಣುವುದು ಬೇರೆಯೇ ಒಂದು ಏರ್ಪಾಟು: ಪಹಣಿ ಕೇಂದ್ರದಲ್ಲಿ ರೈತನ ಕಡೆಗೆ ಮುಖಮಾಡಿ ಇಟ್ಟ ಎರಡನೆಯ ಪರದೆ. 15 ರೂಪಾಯಿ ಕೊಟ್ಟವನು ತನ್ನ ಸರ್ವೆ ನಂಬರು, ತನ್ನ ಹೆಸರು ಮೂಡುವುದನ್ನು ನಿಂತಲ್ಲೇ ನೋಡಬಹುದಿತ್ತು. ಅದನ್ನು ಇಟ್ಟದ್ದು ಪಾರದರ್ಶಕತೆಗಾಗಿ, ನೌಕರನ ಸುಖಕ್ಕಾಗಿ ಅಲ್ಲ, ನಿಜ. ಆದರೆ ಕಣ್ಣೆದುರಿಗೇ ನಡೆಯುವ ಕೆಲಸದ ಮೇಲೆ ಅನುಮಾನ ಕಡಿಮೆ. ಅನುಮಾನ ಇಳಿದಲ್ಲಿ ಕೂಗಾಟವೂ ಇಳಿಯುತ್ತದೆ. ಪರದೆಯೊಂದನ್ನು ಆಚೆ ತಿರುಗಿಸಿದ್ದಕ್ಕೆ ಈಚೆಯವರ ರಕ್ತದೊತ್ತಡವೂ ತಗ್ಗೀತು.

ಈ ಜಾಣತನ ಅಲ್ಲಿಗೇ ನಿಂತದ್ದು ದುರದೃಷ್ಟ. ಕೆಲಸ ಕಂಪ್ಯೂಟರಿಗೆ ಬಂದರೂ ಕೋಣೆಗಳು ಕಡತದ ಕಾಲದಲ್ಲೇ ಉಳಿದವು. ಬೆನ್ನಿಗೆ ಕಿಟಕಿ ಇದ್ದರೆ ಪರದೆಯ ಮೇಲೆ ಬಿಸಿಲು ಹೊಳೆಯುತ್ತದೆ, ಹಾಗಾಗಿ ಕಿಟಕಿಗೆ ರಟ್ಟು ಬಡಿದು ಹಗಲೇ ಟ್ಯೂಬ್‌ಲೈಟ್. ಫ್ಯಾನ್ ಹಾಕಿದರೆ ಅರ್ಜಿಗಳು ಹಾರುತ್ತವೆ, ಹಾಗಾಗಿ ಏಪ್ರಿಲ್ ತಿಂಗಳಲ್ಲೂ ಫ್ಯಾನ್ ಬಂದ್. 2024ರ ಸೆಪ್ಟೆಂಬರ್‌ನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ಗ್ರಾಮ ಆಡಳಿತಾಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರ ಹೂಡಿದಾಗ ಅವರ ಬೇಡಿಕೆಗಳ ಪಟ್ಟಿಯಲ್ಲಿ ಕಚೇರಿ, ಮೇಜು, ಕುರ್ಚಿ, ಲ್ಯಾಪ್‌ಟಾಪ್, ಪ್ರಿಂಟರ್ ಇದ್ದವು. ಹತ್ತಾರು ಆ್ಯಪ್‌ಗಳನ್ನು ಕೈಗೆ ಕೊಟ್ಟ ಇಲಾಖೆಯನ್ನು ಅದರ ನೌಕರರು ಕುರ್ಚಿ ಕೇಳಬೇಕಾಯಿತು! ಟೇಬಲ್ ಟೆನಿಸ್ ಮೇಜಿನ ಮಾತು ಆಮೇಲೆ.

ಶಿಗ್ಗಾಂವ ಸೀಮೆಯ ಹಳೆಯ ಕಟ್ಟೋಣಕ್ಕೆ ಕಾಯುವವರ ಕಷ್ಟ ಗೊತ್ತಿತ್ತು. ಹಾನಗಲ್ಲಿನ ತಾರಕೇಶ್ವರ, ಬಂಕಾಪುರದ ನಗರೇಶ್ವರ ಗುಡಿಗಳ ಕಾಲದವರು ಮಂಟಪ ಕಟ್ಟಿದರೆ ಅಂಚಿನುದ್ದಕ್ಕೂ ಒರಗುವ ಕಲ್ಲಾಸನ ಇಡುತ್ತಿದ್ದರು. ಅದಕ್ಕೆ ಕಕ್ಷಾಸನ ಎಂಬ ಹೆಸರೂ ಉಂಟು. ಮೇಲೆ ಬಿಸಿಲು ಮಳೆ ತಡೆಯುವ ಚಾಚು, ಪಕ್ಕಗಳಿಂದ ಗಾಳಿ ಬೆಳಕು. ಮನೆಗಳ ಮುಂದಿನ ಕಟ್ಟೆಯೂ ಅದೇ ಬುದ್ಧಿಯದು. ಬಂದವರು ಕೂರಲಿ, ಕೂತವರ ಗದ್ದಲ ಒಳಗೆ ಬಾರದಿರಲಿ. ಟೋಕನ್ ಕೊಟ್ಟು ಬೇವಿನ ನೆರಳಿನಲ್ಲೊಂದು ಕಟ್ಟೆ, ಕುಡಿಯುವ ನೀರು, ಕೂಗಿದರೆ ಕೇಳುವಷ್ಟು ದೂರ: ಇಷ್ಟಾದರೆ ಕಿಂಡಿಯ ಮುಂದೆ ಒಬ್ಬರೇ ನಿಲ್ಲುತ್ತಾರೆ. ಆ ಒಬ್ಬರಿಗೂ ಕುರ್ಚಿ ಹಾಕಿ ಕಿಂಡಿಯನ್ನೇ ಕಿತ್ತರೆ ಇನ್ನೂ ಒಳ್ಳೆಯದು. ಗಿಡಮರದ ನೋಟವನ್ನು ಶೋಕಿ ಎನ್ನುವವರು ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಬೇಕು. ಪಿತ್ತಕೋಶದ ಶಸ್ತ್ರಕ್ರಿಯೆಯಾದವರಲ್ಲಿ ಕಿಟಕಿಯಾಚೆ ಮರ ಕಾಣುತ್ತಿದ್ದವರು ಬರೀ ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ರೋಗಿಗಳ ಮಾತನ್ನು ಗುಮಾಸ್ತರಿಗೆ ಪೂರ್ತಿ ಅನ್ವಯಿಸಲಾಗದು. ಆದರೆ ಕಿಟಕಿಗೆ ಬಡಿದ ರಟ್ಟು ತೆಗೆಯಲು ಅಷ್ಟು ಸಾಕು.

ಆಕ್ಷೇಪಗಳು ಗೊತ್ತಿರುವವೇ. ಸರ್ಕಾರಿ ನೌಕರರಿಗೆ ಈಗಾಗಲೇ ಸುಖ ಹೆಚ್ಚಾಗಿದೆ, ಮೆತ್ತನೆ ಕುರ್ಚಿ ಕೊಟ್ಟರೆ ನಿದ್ದೆ ಮಾಡುತ್ತಾರೆ ಎನ್ನುತ್ತಾರೆ. ನಿದ್ದೆ ಮಾಡುವವರು ಮರದ ಕುರ್ಚಿಯಲ್ಲೂ ಮಾಡುತ್ತಾರೆ. ಅದು ಮೇಲಧಿಕಾರಿ ನೋಡಿಕೊಳ್ಳಬೇಕಾದ ವಿಷಯ, ಬಡಗಿಯದಲ್ಲ. ಎಲ್ಲ ಮೊಬೈಲಿಗೇ ಬರುತ್ತಿರುವಾಗ ಕಟ್ಟೆಗೇಕೆ ದುಡ್ಡು ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿ. ಪಹಣಿ ಈಗ ಮನೆಯಲ್ಲೇ ತೆಗೆಯಬಹುದು, ಸರಿ. ಹಾಗೆ ಸಲೀಸಾದ ಕೆಲಸಗಳೆಲ್ಲ ಆಚೆ ಹೋದ ಮೇಲೆ ಕಚೇರಿಗೆ ಬರುವುದು ಯಾವುದು? ನಿಂತುಹೋದ ವೃದ್ಧಾಪ್ಯ ವೇತನ, ಅಣ್ಣತಮ್ಮಂದಿರ ಜಗಳಕ್ಕೆ ಸಿಕ್ಕ ಖಾತೆ ಬದಲಾವಣೆ, ಆಧಾರಿನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು ಇರುವ ಹೆಸರು. ಗಂಟು ಬಿದ್ದವಷ್ಟೇ ಉಳಿಯುತ್ತವೆ. ಜನ ಕಡಿಮೆಯಾದರೂ ಒಬ್ಬೊಬ್ಬರ ಭಾರ ಹೆಚ್ಚುತ್ತದೆ, ಕೂತು ಮಾತಾಡುವ ಜಾಗ ಇನ್ನಷ್ಟು ಬೇಕಾಗುತ್ತದೆ.

ಹಣದ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಆದರೆ ಹಲವು ಕಡೆ ಕೊರತೆ ಇರುವುದು ಹಣದ್ದಲ್ಲ, ಹೊಣೆಯದು. ಕಟ್ಟಡ ಕಟ್ಟುವುದು ಒಂದು ಇಲಾಖೆ, ಬಳಸುವುದು ಇನ್ನೊಂದು. ನಲ್ಲಿ ಕೆಟ್ಟರೆ ಪತ್ರ ಬರೆಯುತ್ತಾ ಕೂರಬೇಕು. ಅಷ್ಟರಲ್ಲಿ ಶೌಚಾಲಯಕ್ಕೆ ಬೀಗ ಬೀಳುತ್ತದೆ, ಕೀಲಿ ಯಾರದೋ ಡ್ರಾಯರ್ ಸೇರುತ್ತದೆ. ಕಚೇರಿಯ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಹಳ್ಳಿಯಿಂದ ಬಸ್ಸಿನಲ್ಲಿ ಬಂದ ಅಜ್ಜಿಯೂ ನೀರು ಮುಟ್ಟುವುದಿಲ್ಲ. ಒಂದೇ ಬೀಗ, ಗಾಜಿನ ಎರಡೂ ಕಡೆಯವರಿಗೆ. ತಹಶೀಲ್ದಾರರ ಕೈಗೆ ಇಂಥ ರಿಪೇರಿಗೆಂದೇ ಸಣ್ಣದೊಂದು ಮೊತ್ತ ಕೊಟ್ಟು, ವಾರಕ್ಕೊಮ್ಮೆ ನಲ್ಲಿ, ದೀಪ, ಕೀಲಿ ನೋಡಿ ಸಹಿ ಹಾಕುವ ಕೆಲಸವನ್ನು ಒಬ್ಬರ ಹೆಸರಿಗೆ ಬರೆಯಲು ಹೊಸ ಕಟ್ಟಡದ ಮಂಜೂರಾತಿಗೆ ಕಾಯಬೇಕಿಲ್ಲ.